ಲೇಬರ್ ಕೇಸಿಗೊಬ್ಬ ಜೂನಿಯರ್ ಬೇಕು: ಶಿವಮೊಗ್ಗದಂಥ ಊರಲ್ಲಿ ಆ ಕೆಲಸ ಅಂದರೆ ಏನು?

ಮಲೆನಾಡಿನ ವಕೀಲರಿಗೆ ಅನ್ನ ಕೊಡುವುದು ಜಮೀನು. ಪಾಲಿನ ದಾವೆ, ತೋಟದ ದಾರಿ, ಬಗರ್‌ಹುಕುಂ, ಅರಣ್ಯ ಇಲಾಖೆಯ ಗಡಿಕಲ್ಲು. ಅದು ಬಿಟ್ಟರೆ ಚೆಕ್ ಬೌನ್ಸು, ಅಪಘಾತ ಪರಿಹಾರ. ಕಾರ್ಮಿಕ ಕಾನೂನನ್ನು ಕಾಲೇಜಿನಲ್ಲಿ ಒಂದು ಪೇಪರ್ ಅಂತ ಓದಿ ಪಾಸಾಗಿ ಅಲ್ಲಿಗೇ ಬಿಟ್ಟವರು ಜಾಸ್ತಿ. ಹಾಗಿರುವಾಗ ಶಿವಮೊಗ್ಗದ ಒಂದು ವಕೀಲರ ಕಚೇರಿ ‘ಲೇಬರ್ ಕೇಸು ನೋಡಿಕೊಳ್ಳಲು ಒಬ್ಬ ಜೂನಿಯರ್ ಬೇಕು’ ಅಂತ ಹುಡುಕುತ್ತಿದೆ ಅಂದುಕೊಳ್ಳಿ. ಬಂದವರಿಂದ ಅವರು ಏನು ನಿರೀಕ್ಷಿಸುತ್ತಾರೆ? ಬರುವವರು ಏನನ್ನು ತಿಳಿದು ಬರಬೇಕು? ಹೊರಗಿನವರಿಗೆ ಇದು ಬರೀ ನೌಕರಿಯ ಸುದ್ದಿ. ಒಳಗೆ ಹೋಗಿ ನೋಡಿದರೆ ನಮ್ಮ ಭಾಗದಲ್ಲಿ ದುಡಿಯುವವರ ಕಾನೂನು ಹೇಗೆ ನಡೆಯುತ್ತದೆ ಅನ್ನುವುದೆಲ್ಲ ಇದರಲ್ಲೇ ಕಾಣುತ್ತದೆ.

ಇಷ್ಟು ದಿನ ಇಂಥ ಜೂನಿಯರ್ ಯಾಕೆ ಬೇಕಾಗಿರಲಿಲ್ಲ ಅಂದರೆ, ಆ ಕೆಲಸವನ್ನು ಬೇರೆಯವರು ಮಾಡುತ್ತಿದ್ದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು. ಮೈಸೂರು ಪೇಪರ್ ಮಿಲ್ಸ್ ಹುಟ್ಟಿದ್ದು 1936ರಲ್ಲಿ. ಎರಡೂ ಕಡೆ ಕಾಯಂ ಕಾರ್ಮಿಕರು ಸಾವಿರಗಟ್ಟಲೆ ಇದ್ದ ಕಾಲದಲ್ಲಿ ಜಗಳ ಬಂದರೆ ಯೂನಿಯನ್ ಆಫೀಸಿಗೆ ಹೋಗುವುದು ವಾಡಿಕೆ. ಸ್ಟ್ಯಾಂಡಿಂಗ್ ಆರ್ಡರ್‌ನ, ಅಂದರೆ ಕಾರ್ಖಾನೆಯ ಸೇವಾ ನಿಯಮಗಳ, ಪ್ರತಿ ಕಲಮನ್ನೂ ಬಾಯಿಪಾಠ ಹೇಳುವ ಮುಖಂಡರು ಅಲ್ಲಿದ್ದರು. ಕಾಗದ ಕಾರ್ಖಾನೆ ನಿಂತಿತು, ಕಬ್ಬಿಣದ ಕಾರ್ಖಾನೆ ಸೊರಗಿತು. ಈಗ ಕೆಲಸ ಇರುವುದು ಮಾಚೇನಹಳ್ಳಿ ಕಡೆಯ ಗಾರ್ಮೆಂಟ್ಸ್‌ನಲ್ಲಿ, ಫೌಂಡ್ರಿಗಳಲ್ಲಿ, ಆಸ್ಪತ್ರೆ, ಶಾಲೆ, ಶೋರೂಮು, ಹೋಮ್‌ಸ್ಟೇಗಳಲ್ಲಿ. ಇಲ್ಲಿ ಬಹಳ ಕಡೆ ಯೂನಿಯನ್ನೂ ಇಲ್ಲ, ಸ್ಟ್ಯಾಂಡಿಂಗ್ ಆರ್ಡರೂ ಇಲ್ಲ. ಕೆಲಸ ಕಳೆದುಕೊಂಡವನು ನೇರವಾಗಿ ವಕೀಲರ ಮುಂದೆ ಬಂದು ಕೂರುತ್ತಾನೆ. ಅವನ ಮಾಲೀಕನೂ ಅದೇ ವಾರ ಇನ್ನೊಂದು ಕಚೇರಿಯಲ್ಲಿ ಕೂತಿರುತ್ತಾನೆ.

ಇದರ ಮೇಲೆ ಕಾನೂನಿನ ಪುಸ್ತಕವೇ ಬದಲಾಯಿತು. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ವೇತನ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಔದ್ಯೋಗಿಕ ಸುರಕ್ಷತೆ ಅಂತ ನಾಲ್ಕು. ಇದ್ದ 29 ಕಾಯ್ದೆಗಳು ಇವುಗಳ ಹೊಟ್ಟೆಯೊಳಗೆ ಸೇರಿಹೋದವು. 1923ರ ಪರಿಹಾರ ಕಾಯ್ದೆ, 1947ರ ಕೈಗಾರಿಕಾ ವಿವಾದ ಕಾಯ್ದೆ, 1951ರ ಪ್ಲಾಂಟೇಷನ್ ಕಾಯ್ದೆ, 1972ರ ಗ್ರಾಚ್ಯುಟಿ ಕಾಯ್ದೆ ಎಲ್ಲವೂ. ಹಾಗಂತ ಹಳೇ ಪುಸ್ತಕ ಗುಜರಿಗೆ ಹಾಕುವಂತಿಲ್ಲ. 2023ರಲ್ಲಿ ವಜಾ ಆದವನ ಕೇಸು ಇನ್ನೂ ನಡೆಯುತ್ತಿರುತ್ತದೆ. ಹೊಸ ಟ್ರಿಬ್ಯೂನಲ್‌ಗಳು ರಚನೆಯಾಗುವ ತನಕ ಹಳೇ ಲೇಬರ್ ಕೋರ್ಟ್‌ಗಳೇ ಕೆಲಸ ಮುಂದುವರಿಸಬೇಕು ಅಂತ ಡಿಸೆಂಬರ್‌ನಲ್ಲಿ ಪ್ರತ್ಯೇಕ ಆದೇಶವನ್ನೇ ಹೊರಡಿಸಬೇಕಾಯಿತು. ಹೀಗಾಗಿ ಜೂನಿಯರ್ ಆದವರು ಕೆಲವು ವರ್ಷ ಎರಡೂ ಪುಸ್ತಕ ಕಂಕುಳಲ್ಲಿಟ್ಟುಕೊಂಡೇ ಓಡಾಡಬೇಕು. ಫೈಲು ಕೈಗೆ ಬಂದ ಕೂಡಲೇ ನೋಡಬೇಕಾದ್ದು ಕಥೆಯನ್ನಲ್ಲ, ದಿನಾಂಕವನ್ನು. ಕೆಲಸದಿಂದ ತೆಗೆದದ್ದು ಯಾವತ್ತು? ಆ ಒಂದು ತಾರೀಖಿನ ಮೇಲೆ ಯಾವ ಕಾನೂನು, ಎಷ್ಟು ಕಾಲಾವಕಾಶ ಅನ್ನುವುದು ನಿಂತಿರುತ್ತದೆ.

ಕಾಲಾವಕಾಶದ ಮಾತು ಸುಮ್ನೆ ಹೇಳಿದ್ದಲ್ಲ. 1947ರ ಹಳೇ ಕಾಯ್ದೆಗೆ ಕರ್ನಾಟಕ ತನ್ನದೇ ಒಂದು ತಿದ್ದುಪಡಿ ಮಾಡಿಕೊಂಡಿತ್ತು, 10(4-ಎ) ಅಂತ. ವಜಾ ಆದ ಕೆಲಸಗಾರ ಆರು ತಿಂಗಳೊಳಗೆ ನೇರವಾಗಿ ಲೇಬರ್ ಕೋರ್ಟಿಗೆ ಹೋಗಬಹುದಿತ್ತು. ಆಮೇಲೆ 2010ರ ಕೇಂದ್ರ ತಿದ್ದುಪಡಿ ಬಂದು, ಕಾರ್ಮಿಕ ಅಧಿಕಾರಿಯ ಮುಂದೆ ರಾಜಿ ಸಂಧಾನಕ್ಕೆ ಅರ್ಜಿ ಕೊಟ್ಟು 45 ದಿನ ಆದ ಮೇಲೆ, ಮೂರು ವರ್ಷದೊಳಗೆ ಹೋಗುವ ದಾರಿಯೂ ತೆರೆಯಿತು. ಹೊಸ ಸಂಹಿತೆಯಲ್ಲಿ ವಿವಾದ ಹುಟ್ಟಿ ಎರಡು ವರ್ಷ ದಾಟಿದರೆ ಸಂಧಾನಾಧಿಕಾರಿ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಸಂಧಾನ ಮುರಿದ ವರದಿ ಕೈಗೆ ಬಂದ ಮೇಲೆ ಟ್ರಿಬ್ಯೂನಲ್ಲಿಗೆ ಹೋಗಲು 90 ದಿನ. ‘ಮೊದಲು ಅಡಿಕೆ ಕೊಯ್ಲು ಮುಗೀಲಿ ಸಾರ್, ಆಮೇಲೆ ನೋಡೋಣ’ ಅನ್ನುವ ಕಕ್ಷಿದಾರನಿಗೆ ಇದನ್ನು ಬಿಡಿಸಿ ಹೇಳುವುದು ಜೂನಿಯರ್‌ನ ಮೊದಲ ಕೆಲಸ.

ಕೆಲಸಗಾರ ಯಾರು, ಮಾಲೀಕ ಯಾರು

ಬೆಂಗಳೂರಿನ ದೊಡ್ಡ ಲಾ ಫರ್ಮ್‌ಗಳಲ್ಲಿ ಈ ಕೆಲಸಕ್ಕೆ ಸೇರಿದವರು ಹೆಚ್ಚು ಸಮಯ ಕಳೆಯುವುದು ನೇಮಕಾತಿ ಪತ್ರ, ಕಂಪನಿ ನೀತಿ, ಕಂಪನಿ ಮಾರಾಟವಾದಾಗ ನೌಕರರ ಲೆಕ್ಕ ಇಂಥದ್ದರಲ್ಲಿ. ಅಲ್ಲಿ ಎಲ್ಲವೂ ಕಾಗದದ ಮೇಲಿರುತ್ತದೆ. ಇಲ್ಲಿ ಕಾಗದವೇ ಇರುವುದಿಲ್ಲ. ನನ್ನ ಪ್ರಕಾರ ಮಲೆನಾಡಿನ ಲೇಬರ್ ಕೇಸು ಮುಕ್ಕಾಲು ಪಾಲು ಗೆಲ್ಲುವುದು, ಸೋಲುವುದು ಎರಡೇ ಪ್ರಶ್ನೆಯಲ್ಲಿ. ಇವನು ಕಾನೂನಿನ ಕಣ್ಣಿಗೆ ಕೆಲಸಗಾರನೇ? ಹೌದಾದರೆ ಇವನ ಮಾಲೀಕ ಯಾರು?

ಮೊದಲನೆಯದನ್ನು ನೋಡಿ. ಕೈಗಾರಿಕಾ ವಿವಾದದ ಕಾನೂನು ಸಂಬಳ ತಗೊಳ್ಳುವ ಎಲ್ಲರಿಗೂ ಅಲ್ಲ. ಕೈಕೆಲಸ, ತಾಂತ್ರಿಕ ಕೆಲಸ, ಗುಮಾಸ್ತೆ ಕೆಲಸ ಇಂಥವು ಒಳಗೆ. ಮ್ಯಾನೇಜರ್ ಹೊರಗೆ. ಮೇಲ್ವಿಚಾರಣೆ ಮಾಡುವವರು ಒಂದು ಸಂಬಳದ ಮಿತಿ ದಾಟಿದರೆ ಹೊರಗೆ. ಆ ಮಿತಿ ಮೊದಲು ತಿಂಗಳಿಗೆ 10,000 ಇತ್ತು, ಹೊಸ ಸಂಹಿತೆಯಲ್ಲಿ 18,000. ಈಗ ಕೊಪ್ಪ, ಶೃಂಗೇರಿ ಕಡೆಯ ಒಂದು ಕಾಫಿ ಎಸ್ಟೇಟಿನ ರೈಟರ್‌ನನ್ನು ತಗೊಳ್ಳಿ. ಬೆಳಿಗ್ಗೆ ಆಳುಗಳ ಹಾಜರಿ ಹಾಕುತ್ತಾನೆ, ಚೆಕ್‌ರೋಲ್ ಬರೆಯುತ್ತಾನೆ, ಗೊಬ್ಬರದ ಮೂಟೆ ಎಣಿಸುತ್ತಾನೆ. ಮಧ್ಯಾಹ್ನ ‘ಆ ಪಟ್ಟೆ ಯಾಕೆ ಬಿಟ್ಟಿರಿ’ ಅಂತ ಗದರಿಸುತ್ತಾನೆ. ಅವನು ಗುಮಾಸ್ತನೋ ಮೇಲ್ವಿಚಾರಕನೋ? ಕೋರ್ಟು ಅವನ ಹುದ್ದೆಯ ಹೆಸರು ನೋಡುವುದಿಲ್ಲ. ದಿನದ ಹೆಚ್ಚು ಹೊತ್ತು ಏನು ಮಾಡುತ್ತಾನೆ ಅನ್ನುವುದನ್ನು ನೋಡುತ್ತದೆ. ರಜೆ ಮಂಜೂರು ಮಾಡುವ ಅಧಿಕಾರ ಇತ್ತಾ? ಯಾರನ್ನಾದರೂ ಕೆಲಸಕ್ಕೆ ತಗೊಂಡಿದ್ದನಾ, ತೆಗೆದಿದ್ದನಾ? ಇದನ್ನು ಕೇಳಿ ತಿಳಿಯಬೇಕಾದವರು ಜೂನಿಯರ್.

ಖಾಸಗಿ ಶಾಲೆಯ ಮೇಷ್ಟ್ರು, ಮೇಡಂಗಳ ವಿಷಯದಲ್ಲಿ ಉತ್ತರ ಬೇರೆ. 1988ರಲ್ಲಿ ಸುಂದರಂಬಾಳ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶಾಲೆ ಒಂದು ಉದ್ಯಮವೇ ಇರಬಹುದು, ಆದರೆ ಪಾಠ ಹೇಳುವವರು ‘ವರ್ಕ್‌ಮನ್’ ಅಲ್ಲ ಎಂದಿತು. ಅಂದರೆ ಅದೇ ಶಾಲೆಯ ಬಸ್ ಡ್ರೈವರ್ ಲೇಬರ್ ಕೋರ್ಟಿಗೆ ಹೋಗಬಹುದು, ಟೀಚರ್ ಹೋಗುವಂತಿಲ್ಲ, ಅವರಿಗೆ ಶಿಕ್ಷಣ ಕಾಯ್ದೆಯ ದಾರಿ. ಗ್ರಾಚ್ಯುಟಿ ಮಾತ್ರ ಟೀಚರ್‌ಗಳಿಗೂ ಉಂಟು. 2009ರ ತಿದ್ದುಪಡಿ 1997ರಿಂದಲೇ ಅನ್ವಯವಾಗುವಂತೆ ಅದನ್ನು ಕೊಟ್ಟಿತು, 2022ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಒಂದು ಕಾನೂನಿನಲ್ಲಿ ಹೊರಗಿದ್ದವರು ಇನ್ನೊಂದರಲ್ಲಿ ಒಳಗಿರುತ್ತಾರೆ. ಹೊಸಬರು ಎಡವುವುದು ಇಲ್ಲೇ.

ಎರಡನೆಯ ಪ್ರಶ್ನೆ ಇನ್ನೂ ಗೋಜಲು. ಅಡಿಕೆಯನ್ನೇ ತಗೊಳ್ಳಿ. ತೋಟ ಒಬ್ಬರದು. ಫಸಲನ್ನು ಚೇಣಿಗೆ, ಅಂದರೆ ಮರದಲ್ಲಿರುವಾಗಲೇ ಗುತ್ತಿಗೆಗೆ, ಹಿಡಿದವರು ಇನ್ನೊಬ್ಬರು. ಅಡಿಕೆ ಗೊನೆ ತೆಗೆಯುವವರನ್ನು ಕರೆತಂದ ಮೇಸ್ತ್ರಿ ಮತ್ತೊಬ್ಬ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವನು ದೂರದ ಊರಿನವನು. ಪರಿಹಾರ ಕೊಡಬೇಕಾದವರು ಯಾರು? ತೋಟದವರು ‘ನಾನು ಫಸಲು ಮಾರಿಯಾಗಿತ್ತು’ ಅನ್ನುತ್ತಾರೆ. ಚೇಣಿದಾರರು ‘ಆಳು ಮೇಸ್ತ್ರಿಯವನು’ ಅನ್ನುತ್ತಾರೆ. ಮೇಸ್ತ್ರಿ ಫೋನ್ ಎತ್ತುವುದಿಲ್ಲ. ಜೂನಿಯರ್ ಇಲ್ಲಿ ಹಿಡಿಯಬೇಕಾದ ಎಳೆ ಎಂದರೆ ದುಡ್ಡು ಯಾರ ಕೈಯಿಂದ ಹೊರಟಿತು, ‘ಇವತ್ತು ಈ ಸಾಲಿನ ಗೊನೆ ಇಳಿಸಿ’ ಅಂತ ಹೇಳಿದವರು ಯಾರು, ಹಗ್ಗ, ದೋಟಿ ಯಾರದ್ದು. ಈಗ ಕೂಲಿ ಫೋನ್‌ನಲ್ಲೇ ಹೋಗುತ್ತದಲ್ಲ, ಆ ಕಳಿಸಿದ ಲೆಕ್ಕ ಹಾಜರಿ ಪುಸ್ತಕಕ್ಕಿಂತ ಗಟ್ಟಿ ಸಾಕ್ಷಿ.

ಅಡಿಕೆಗೆ ಇನ್ನೂ ಒಂದು ತೊಡಕಿದೆ. ಪ್ಲಾಂಟೇಷನ್ ಕಾನೂನು ಆಳುಗಳಿಗೆ ಲೈನ್ ಮನೆ, ಆಸ್ಪತ್ರೆ, ಶಿಶುಪಾಲನೆ, ಕುಡಿಯುವ ನೀರು ಇವನ್ನೆಲ್ಲ ಮಾಲೀಕನ ಮೇಲೆ ಹೊರಿಸುತ್ತದೆ. ಆದರೆ ಅದು ತಾನಾಗಿ ಅನ್ವಯವಾಗುವುದು ಟೀ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ ತೋಟಗಳಿಗೆ, ಅದೂ ಐದು ಹೆಕ್ಟೇರ್ ಮತ್ತು ಮೇಲ್ಪಟ್ಟು. ಬೇರೆ ಬೆಳೆಗೆ ಬೇಕಾದರೆ ರಾಜ್ಯ ಸರ್ಕಾರ ಕೇಂದ್ರದ ಒಪ್ಪಿಗೆ ಪಡೆದು ಅಧಿಸೂಚನೆ ಹೊರಡಿಸಬೇಕು. ಹೊಸ ಸಂಹಿತೆಯಲ್ಲೂ ಈ ಪಟ್ಟಿ ಹಾಗೇ ಉಳಿದಿದೆ. ಹಾಗಾಗಿ ಬಾಳೆಹೊನ್ನೂರಿನ ಕಾಫಿ ಎಸ್ಟೇಟಿನ ಆಳಿಗೆ ಸಿಗುವ ಹಕ್ಕು ತೀರ್ಥಹಳ್ಳಿಯ ಅಡಿಕೆ ತೋಟದ ಆಳಿಗೆ ಆ ಹೆಸರಲ್ಲಿ ಸಿಗುವುದಿಲ್ಲ. ಇನ್ನೊಂದು ಕಡೆ ವೇತನ ಸಂಹಿತೆ ಬಾಗಿಲು ಅಗಲ ಮಾಡಿದೆ. ಮೊದಲು ಕನಿಷ್ಠ ಕೂಲಿ ಸಿಗಬೇಕಾದರೆ ಆ ಕೆಲಸ ಸರ್ಕಾರದ ಅನುಸೂಚಿಯಲ್ಲಿ ಇರಬೇಕಿತ್ತು. ಈಗ ಅನುಸೂಚಿಯ ಮಾತೇ ಇಲ್ಲ, ಎಲ್ಲ ನೌಕರರಿಗೂ ಕನಿಷ್ಠ ವೇತನ ಉಂಟು. ರಾತ್ರಿ ಹನ್ನೊಂದರ ತನಕ ಕೂತು ಅಡಿಕೆ ಸುಲಿಯುವ ಹೆಂಗಸರಿಗೆ ಕೆಜಿ ಲೆಕ್ಕದಲ್ಲಿ ಕೊಡುವ ದುಡ್ಡನ್ನೂ ಈ ಕಣ್ಣಿಂದ ನೋಡಬೇಕಾಗುತ್ತದೆ. ಬಾಕಿ ಕೂಲಿ ಕೇಳಲು ಮೂರು ವರ್ಷದ ಅವಕಾಶವೂ ಇದೆ.

ಕಾರ್ಖಾನೆಗಳಲ್ಲಿ ಮೇಸ್ತ್ರಿಯ ಜಾಗಕ್ಕೆ ಕಂಟ್ರಾಕ್ಟರ್ ಬರುತ್ತಾನೆ. ಹತ್ತು ವರ್ಷ ಒಂದೇ ಗೇಟಿನಲ್ಲಿ ದುಡಿದವನು ‘ನಾನು ಕಂಪನಿಯವನಲ್ವಾ?’ ಅಂತ ಕೇಳುತ್ತಾನೆ. ಇದಕ್ಕೆ 2001ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಉತ್ತರ ಕೊಟ್ಟಿದೆ. ಭದ್ರಾವತಿಯ ಕಾರ್ಖಾನೆ ಈಗ ಸೇರಿರುವ ಸೈಲ್ (ಭಾರತೀಯ ಉಕ್ಕು ಪ್ರಾಧಿಕಾರ) ಸಂಸ್ಥೆಯೇ ಆ ಕೇಸಿನ ಕಕ್ಷಿ, ವಿವಾದ ಮಾತ್ರ ಬೇರೆ ರಾಜ್ಯದ್ದು. ಗುತ್ತಿಗೆ ಕಾರ್ಮಿಕ ಪದ್ಧತಿಯನ್ನು ನಿಷೇಧಿಸಿದರೂ ಕಾರ್ಮಿಕರು ತಾವಾಗಿ ಕಾಯಂ ಆಗುವುದಿಲ್ಲ, ಆದರೆ ಗುತ್ತಿಗೆ ಅನ್ನುವುದು ಬರೀ ನಾಟಕ ಅಂತ ತೋರಿಸಿದರೆ ಅವರು ಮೂಲ ಮಾಲೀಕನ ನೌಕರರೇ ಅಂತ ಪೀಠ ಹೇಳಿತು. ನಾಟಕ ಅಂತ ತೋರಿಸುವುದು ಹೇಗೆ? ರಜೆ ಕೊಡುತ್ತಿದ್ದವರು ಯಾರು, ಶಿಫ್ಟ್ ಹಾಕುತ್ತಿದ್ದವರು ಯಾರು, ಕಂಟ್ರಾಕ್ಟರ್ ಬದಲಾದರೂ ಆಳು ಅದೇ ಇದ್ದರಾ? ಕಾಯಂ ಆಗದಿದ್ದರೂ ಸಂಬಳದ ಮಟ್ಟಿಗೆ ಕೆಲಸಗಾರನಿಗೆ ಒಂದು ಆಸರೆ ಇದೆ. ಕಂಟ್ರಾಕ್ಟರ್ ಕೊಡದೆ ಹೋದರೆ ಮೂಲ ಮಾಲೀಕ ಕೊಡಲೇಬೇಕು. ಹಳೇ ಕಾನೂನಿನಲ್ಲೂ ಹೀಗೇ, ಹೊಸದರಲ್ಲೂ ಹೀಗೇ. ಬದಲಾಗಿದ್ದು ಸಂಖ್ಯೆ. ಮೊದಲು 20 ಗುತ್ತಿಗೆ ಕಾರ್ಮಿಕರಿದ್ದರೆ ಆ ಕಾನೂನು ಅನ್ವಯ, ಈಗ 50.

240 ದಿನದ ಸಾಕ್ಷಿ

ಅರಣ್ಯ ಇಲಾಖೆಯ ವಾಚರ್, ಲೋಕೋಪಯೋಗಿಯ ದಿನಗೂಲಿ ಗ್ಯಾಂಗ್‌ಮನ್, ಪಟ್ಟಣ ಪಂಚಾಯ್ತಿಯ ನೀರು ಬಿಡುವವನು. ಇವರ ಕೇಸುಗಳಲ್ಲಿ 240 ಅನ್ನುವ ಸಂಖ್ಯೆ ಬಂದೇ ಬರುತ್ತದೆ. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಒಂದು ವರ್ಷ ಸತತ ಸೇವೆ ಅಂತ ಲೆಕ್ಕ. ಹಾಗಿದ್ದವನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಇಲ್ಲವೇ ಅಷ್ಟು ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ ಕೊಡಬೇಕು. ಕೊಡದೆ ‘ನಾಳೆಯಿಂದ ಬರಬೇಡ’ ಅಂದರೆ ಆ ತೆಗೆದುಹಾಕಿದ್ದೇ ಕಾನೂನುಬಾಹಿರ.

ಸರಿ, 240 ದಿನ ಮಾಡಿದ್ದೇನೆ ಅಂತ ತೋರಿಸಬೇಕಾದವರು ಯಾರು? ಇದರ ಮೇಲಿನ ಎರಡು ದೊಡ್ಡ ತೀರ್ಪುಗಳೂ ಕರ್ನಾಟಕದವೇ. 2002ರ ಹಡಿಮನಿ ಪ್ರಕರಣದಲ್ಲಿ ಒಂದು ಕಡೆ ವಲಯ ಅರಣ್ಯಾಧಿಕಾರಿ, ಇನ್ನೊಂದು ಕಡೆ ದಿನಗೂಲಿಯವನು. ರುಜುವಾತು ಮಾಡುವ ಹೊಣೆ ಕೆಲಸಗಾರನದೇ, ಅವನ ಅಫಿಡವಿಟ್ ಒಂದೇ ಸಾಲದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಗೆ ಬಡವನ ಕಥೆ ಮುಗಿದ ಹಾಗೇ ಕಂಡಿತು. ಕೆಲವೇ ವರ್ಷಗಳಲ್ಲಿ, 2005ರ ಯಲ್ಲಟ್ಟಿ ಪ್ರಕರಣದಲ್ಲಿ, ಅದೇ ಕೋರ್ಟು ಇದನ್ನು ಸ್ವಲ್ಪ ಬಿಡಿಸಿ ಹೇಳಿತು. ಹೊಣೆ ಕೆಲಸಗಾರನದೇ, ಹೌದು. ಆದರೆ ದಿನಗೂಲಿಯವನಿಗೆ ನೇಮಕ ಪತ್ರವೂ ಇರುವುದಿಲ್ಲ, ಸಂಬಳದ ಚೀಟಿಯೂ ಇರುವುದಿಲ್ಲ. ಅವನು ಕಟಕಟೆ ಹತ್ತಿ ಸಾಕ್ಷಿ ಹೇಳಿದ ಮೇಲೆ, ಮಸ್ಟರ್ ರೋಲ್ (ದಿನಗೂಲಿಯವರ ಹಾಜರಿ ಪುಸ್ತಕ) ತನ್ನಿ ಅಂತ ಕರೆಸಿದ ಮೇಲೂ ಇಲಾಖೆ ತರದಿದ್ದರೆ ಕೋರ್ಟು ಅದನ್ನು ಇಲಾಖೆಯ ವಿರುದ್ಧ ಎಣಿಸಬಹುದು.

ಜೂನಿಯರ್‌ನ ಕೈಚಳಕ ಇರುವುದು ಈ ಎರಡು ತೀರ್ಪುಗಳ ನಡುವಿನ ಜಾಗದಲ್ಲಿ. ದಾಖಲೆ ಹಾಜರುಪಡಿಸಿ ಅಂತ ಅರ್ಜಿ ಹಾಕಬೇಕು. ಸುಮ್ಮನೆ ‘ಎಲ್ಲಾ ದಾಖಲೆ’ ಅಂದರೆ ಆಗದು, ಯಾವ ಕಚೇರಿಯ, ಯಾವ ತಿಂಗಳ, ಯಾವ ಪುಸ್ತಕ ಅಂತ ಹೇಳಬೇಕು. ಮಾಹಿತಿ ಹಕ್ಕಿನಲ್ಲಿ ಮೊದಲೇ ಕೇಳಿ ಇಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು. ವಾಚರ್ ಬೆಂಕಿ ರೇಖೆ ಮಾಡಿದ ಫೋಟೋ, ನರ್ಸರಿಯಲ್ಲಿ ಗಿಡ ಕೊಟ್ಟ ಚೀಟಿಯ ಮೇಲಿನ ಸಹಿ, ಬ್ಯಾಂಕ್ ಪಾಸ್‌ಬುಕ್ಕು, ಹಳೇ ವಲಯ ಅರಣ್ಯಾಧಿಕಾರಿ ಬರೆದುಕೊಟ್ಟ ಒಂದು ಸಾಲಿನ ಪತ್ರ, ಇವೆಲ್ಲ ಬೇಕು. ಮನೆಯ ಟ್ರಂಕಿನಲ್ಲಿ ಇದ್ದೇ ಇರುತ್ತದೆ, ಆದರೆ ಅದು ಸಾಕ್ಷಿ ಅಂತ ಅವರಿಗೆ ಗೊತ್ತಿರುವುದಿಲ್ಲ. ಒಂದು ಮಾತು ಮೊದಲೇ ಹೇಳಿಬಿಡಬೇಕು. ಕೇಸು ಗೆದ್ದರೂ ಕೆಲಸ ವಾಪಸ್ ಸಿಕ್ಕೇ ಸಿಗುತ್ತದೆ ಅನ್ನುವಂತಿಲ್ಲ. 2009ರ ಜಗಬೀರ್ ಸಿಂಗ್ ತೀರ್ಪಿನಿಂದ ಈಚೆಗೆ ದಿನಗೂಲಿಯವರಿಗೆ ಕೆಲಸದ ಬದಲು ಇಡಿಗಂಟು ಪರಿಹಾರ ಕೊಡುವುದು ಜಾಸ್ತಿಯಾಗಿದೆ. ಇದನ್ನು ಮುಚ್ಚಿಟ್ಟು ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವುದು ತಪ್ಪು.

ಸಾರಿಗೆ ನಿಗಮದ ಕೇಸುಗಳ ದಾರಿಯೇ ಬೇರೆ. ಅಲ್ಲಿ ಕಾಗದ ಬೇಕಾದಷ್ಟಿರುತ್ತದೆ. ತಪಾಸಣೆಯವರು ಬಸ್ಸು ಹತ್ತುತ್ತಾರೆ, ಮೂವರಿಗೆ ಟಿಕೆಟ್ ಕೊಟ್ಟಿಲ್ಲ ಅಂತ ಬರೆದುಕೊಳ್ಳುತ್ತಾರೆ, ಆಪಾದನಾ ಪತ್ರ, ಇಲಾಖಾ ವಿಚಾರಣೆ, ವಜಾ. ಕಂಡಕ್ಟರ್ ಪರವಾಗಿ ಹೊಸಬರು ಮೊದಲು ಕೇಳುವುದು, ‘ಆ ಪ್ರಯಾಣಿಕರನ್ನೇ ಸಾಕ್ಷಿಗೆ ಕರೆಸಿಲ್ಲವಲ್ಲ?’ 1977ರಲ್ಲೇ ರತ್ತನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರಿಸಿದೆ. ಇಲಾಖಾ ವಿಚಾರಣೆಗೆ ಸಾಕ್ಷ್ಯ ಕಾಯ್ದೆಯ ಕಟ್ಟುನಿಟ್ಟು ಇಲ್ಲ, ನಂಬಬಹುದಾದ ಸ್ವಲ್ಪ ಸಾಕ್ಷ್ಯ ಇದ್ದರೂ ಸಾಕು. ಹಾಗಾಗಿ ವಾದ ಕಟ್ಟಬೇಕಾದ್ದು ಬೇರೆ ಕಡೆ. ಆಪಾದನಾ ಪತ್ರದ ಜೊತೆ ದಾಖಲೆ ಕೊಟ್ಟಿದ್ದರಾ? ಪಾಟೀ ಸವಾಲಿಗೆ ಬಿಟ್ಟರಾ? ತಪ್ಪಿಗೆ ತಕ್ಕ ಶಿಕ್ಷೆಯಾ? ಕೊನೆಯದಕ್ಕೆ 1971ರಲ್ಲಿ ಹಳೇ ಕೈಗಾರಿಕಾ ವಿವಾದ ಕಾಯ್ದೆಗೆ ಸೇರಿಸಿದ 11ಎ ಕಲಂ ಆಧಾರ. ಶಿಕ್ಷೆ ಅತಿಯಾಯಿತು ಅನ್ನಿಸಿದರೆ ಲೇಬರ್ ಕೋರ್ಟು ಅದನ್ನು ಕಡಿಮೆ ಮಾಡಬಹುದು. ಹೊಸ ಸಂಹಿತೆಯಲ್ಲೂ ಈ ಅಧಿಕಾರ ಉಳಿದಿದೆ. ಖಾಸಗಿ ಬಸ್ಸುಗಳಲ್ಲಿ ಇದೆಲ್ಲ ಇಲ್ಲ, ‘ನಾಳೆ ಬೇರೆ ಡ್ರೈವರ್ ಬರ್ತಾನೆ’ ಅನ್ನುವ ಒಂದು ಫೋನ್ ಅಷ್ಟೇ. ಅಂದಹಾಗೆ, ಮಾಲೀಕರ ಜೊತೆಗಿನ ಜಗಳವನ್ನು ಕೋರ್ಟಿಗೆ ಬಿಡದೆ ತಾವೇ ಬಸ್ಸು ಓಡಿಸಿ ತೋರಿಸಿದವರೂ ನಮ್ಮ ಮಲೆನಾಡಿನವರೇ. ಕೊಪ್ಪದ ಸಹಕಾರ ಸಾರಿಗೆ 1991ರಲ್ಲಿ ಕಾರ್ಮಿಕರೇ ಕಟ್ಟಿದ ಸಂಸ್ಥೆ, 2020ರ ತನಕ ಓಡಿತು.

ಲೆಕ್ಕ ಬರಬೇಕು

ಕಾನೂನು ಓದಿದವರಿಗೆ ಲೆಕ್ಕ ಅಂದರೆ ಯಾಕೋ ಅಲರ್ಜಿ. ಈ ಕೆಲಸದಲ್ಲಿ ಅದು ನಡೆಯುವುದಿಲ್ಲ. ಒಂದು ಫೌಂಡ್ರಿಯಲ್ಲಿ 11 ವರ್ಷ 7 ತಿಂಗಳು ದುಡಿದವನ ಗ್ರಾಚ್ಯುಟಿ ನೋಡೋಣ. ತಿಂಗಳಿಗೆ ಒಟ್ಟು 30,000, ಆದರೆ ಮೂಲ ವೇತನ ಅಂತ ತೋರಿಸಿದ್ದು 10,000 ಮಾತ್ರ. ಉಳಿದದ್ದೆಲ್ಲ ಆ ಭತ್ಯೆ, ಈ ಭತ್ಯೆ. ಆರು ತಿಂಗಳು ದಾಟಿದ ತುಂಡನ್ನು ಪೂರ್ತಿ ವರ್ಷ ಅಂತ ಹಿಡಿಯುವುದರಿಂದ ಸೇವೆ 12 ವರ್ಷ. ಸೂತ್ರ ಸರಳ: ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ವರ್ಷದಿಂದ ಗುಣಿಸಿ. 10,000ದ ಮೇಲೆ ಬರುವುದು ಸುಮಾರು 69,231 ರೂಪಾಯಿ.

ಹೊಸ ಸಂಹಿತೆಯಲ್ಲಿ ವೇತನದ ವ್ಯಾಖ್ಯೆ ಬದಲಾಗಿದೆ. ಹೊರಗಿಡಬಹುದಾದ ಭತ್ಯೆಗಳೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ವೇತನಕ್ಕೇ ಸೇರಿಸಬೇಕು. ಇಲ್ಲಿ ಭತ್ಯೆ 20,000, ಅರ್ಧ ಅಂದರೆ 15,000. ಮೇಲಿನ 5,000 ವೇತನಕ್ಕೆ ಬಂತು, ವೇತನ 15,000 ಆಯಿತು. ಈಗ ಗ್ರಾಚ್ಯುಟಿ ಸುಮಾರು 1,03,846. ಅದೇ ಮನುಷ್ಯ, ಅದೇ ದುಡಿಮೆ, 34 ಸಾವಿರದಷ್ಟು ವ್ಯತ್ಯಾಸ. ಮಾಲೀಕರ ಪರ ಕೆಲಸ ಮಾಡುವ ಕಚೇರಿಯಾದರೆ ಇದನ್ನು ಮುಂಚೆಯೇ ಹೇಳಿ ಸಂಬಳದ ಪಟ್ಟಿ ಸರಿಮಾಡಿಸಬೇಕು. ನಿಗದಿತ ಅವಧಿಗೆ ನೇಮಕವಾದವರಿಗೆ ಈಗ ಐದು ವರ್ಷ ಕಾಯದೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಹಕ್ಕು ಹುಟ್ಟುತ್ತದೆ. ಕೆಲಸ ಬಿಟ್ಟವರ, ತೆಗೆದವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ‘ಮುಂದಿನ ತಿಂಗಳು ಬಾ, ನೋಡೋಣ’ ಅನ್ನುವ ಅಕೌಂಟೆಂಟ್‌ಗೆ ಇದು ಹೊಸ ಸುದ್ದಿ.

ಪಿಎಫ್, ಇಎಸ್‌ಐ ಬಗ್ಗೆ ಇಲ್ಲಿ ಜಾಸ್ತಿ ಹೇಳಬೇಕಿಲ್ಲ. ಸಂಸ್ಥೆಯಲ್ಲಿ 20 ಜನ ಇದ್ದರೆ ಪಿಎಫ್, 10 ಜನ ಇದ್ದರೆ ಇಎಸ್‌ಐ ಅನ್ವಯ ಅನ್ನುವುದು ನೆನಪಿದ್ದರೆ ಸಾಕು. ಹತ್ತು ಅನ್ನುವ ಸಂಖ್ಯೆ ಇನ್ನೊಂದು ಕಡೆಯೂ ಬರುತ್ತದೆ. ಹತ್ತು ಮತ್ತು ಹೆಚ್ಚು ಜನ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು, 2013ರ ಕಾಯ್ದೆ ಪ್ರಕಾರ. ಅದಕ್ಕಿಂತ ಚಿಕ್ಕ ಅಂಗಡಿ, ಕ್ಲಿನಿಕ್ಕಿನವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ದೂರಿಗೆ ಮೂರು ತಿಂಗಳು ಗಡುವು, ತಕ್ಕ ಕಾರಣ ಇದ್ದರೆ ಇನ್ನೂ ಮೂರು ತಿಂಗಳು. ಚಿಕ್ಕ ಊರಲ್ಲಿ ದೂರು ಕೊಡಲು ಹೆಣ್ಣುಮಕ್ಕಳು ಎಷ್ಟು ಹಿಂದೆಮುಂದೆ ನೋಡುತ್ತಾರೆ ಅಂತ ಗೊತ್ತಿದ್ದವರಿಗೆ ಈ ಗಡುವು ಎಷ್ಟು ಬೇಗ ಮುಗಿಯುತ್ತದೆ ಅನ್ನುವುದೂ ಗೊತ್ತು. ಕಚೇರಿಗೆ ಒಬ್ಬ ಮಹಿಳಾ ಜೂನಿಯರ್ ಬಂದರೆ ಇಂಥ ಕೇಸು ಬಾಗಿಲ ತನಕವಾದರೂ ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ವಕೀಲರಿಗೇ ಅರ್ಧ ಮುಚ್ಚಿದ ಬಾಗಿಲು

ಈ ಕ್ಷೇತ್ರದ ಒಂದು ವಿಚಿತ್ರ ಹೊಸಬರಿಗೆ ಗೊತ್ತಿರುವುದೇ ಇಲ್ಲ. ಕಾರ್ಮಿಕ ಅಧಿಕಾರಿಯ ಮುಂದೆ ನಡೆಯುವ ರಾಜಿ ಸಂಧಾನದಲ್ಲಿ ವಕೀಲರು ಕಕ್ಷಿದಾರರ ಪರ ನಿಲ್ಲುವಂತಿಲ್ಲ. ಲೇಬರ್ ಕೋರ್ಟಿನಲ್ಲೂ ಎದುರು ಪಕ್ಷದ ಒಪ್ಪಿಗೆ, ಕೋರ್ಟಿನ ಅನುಮತಿ ಎರಡೂ ಬೇಕು. ಹಳೇ ಕಾಯ್ದೆಯ 36ನೇ ಕಲಂ ಹೇಳಿದ್ದು ಇದನ್ನೇ, ಹೊಸ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಹಣವಿದ್ದ ಮಾಲೀಕ ದೊಡ್ಡ ವಕೀಲರನ್ನು ತಂದು ಬಡ ಕೆಲಸಗಾರನನ್ನು ಮಣಿಸಬಾರದು ಅನ್ನುವುದು ಇದರ ಹಿಂದಿನ ಯೋಚನೆ. ಕೋರ್ಟಿನಲ್ಲಿ ಎರಡೂ ಕಡೆ ವಕೀಲರೇ ಇದ್ದು ಯಾರೂ ತಕರಾರು ಎತ್ತುವುದಿಲ್ಲ. ಸಂಧಾನದಲ್ಲಿ ಮಾತ್ರ ಕೆಲಸಗಾರ ಒಬ್ಬನೇ ಕೂರಬೇಕು, ಇಲ್ಲವೇ ಯೂನಿಯನ್ ಪದಾಧಿಕಾರಿ ಜೊತೆಗಿರಬೇಕು. ಹಾಗಾಗಿ ಜೂನಿಯರ್ ತನ್ನ ವಾದವನ್ನು ಕಕ್ಷಿದಾರನ ಬಾಯಲ್ಲಿ ಹೇಳಿಸಲು ಕಲಿಯಬೇಕು. ಎರಡು ಪುಟದ ಅರ್ಜಿ, ಸರಳ ಕನ್ನಡದಲ್ಲಿ, ಅವನೇ ಓದಿ ವಿವರಿಸುವ ಹಾಗೆ. ಇಂಗ್ಲಿಷಿನಲ್ಲಿ ಮಾತ್ರ ಬರೆಯಬಲ್ಲ ಜೂನಿಯರ್ ಇಲ್ಲಿ ಅರ್ಧ ಕೆಲಸಕ್ಕೆ ಮಾತ್ರ. ಈಗ ಎಸ್ಟೇಟುಗಳಲ್ಲಿ ಅಸ್ಸಾಮಿನವರು, ಕಟ್ಟಡಗಳಲ್ಲಿ ಬಿಹಾರದವರು ಇರುವುದರಿಂದ ಹಿಂದಿಯೂ ಬಂದರೆ ಲಾಭ.

ಹೈಕೋರ್ಟಿಗೆ ಹೋಗುವುದಾದರೆ ಶಿವಮೊಗ್ಗ ಜಿಲ್ಲೆಯವರು ಬೆಂಗಳೂರಿಗೆ ಹೋಗಬೇಕು. ಪಕ್ಕದ ಸಿದ್ದಾಪುರ, ಶಿರಸಿಯವರಿಗೆ ಧಾರವಾಡ. ಸಾಗರದವರಿಗೆ ಧಾರವಾಡವೇ ಹತ್ತಿರ, ಆದರೂ ದಾರಿ ಬೆಂಗಳೂರಿಗೇ. ಕೆಲಸ ವಾಪಸ್ ಕೊಡಿ ಅನ್ನುವ ತೀರ್ಪಿನ ವಿರುದ್ಧ ಮಾಲೀಕರು ಹೈಕೋರ್ಟಿಗೆ ಹೋದರೆ, ಅಲ್ಲಿ ಕೇಸು ನಡೆಯುವಷ್ಟು ಕಾಲ, ಬೇರೆ ಕೆಲಸ ಇಲ್ಲದ ಕಾರ್ಮಿಕ ಕೊನೆಯದಾಗಿ ಪಡೆಯುತ್ತಿದ್ದ ಸಂಬಳ ಕೇಳಬಹುದು ಅಂತ ಹಳೇ ಕಾಯ್ದೆಯ 17ಬಿ ಹೇಳುತ್ತದೆ. ಇದನ್ನು ಕೇಳದೆ ಬಿಟ್ಟ ಕೇಸುಗಳು ಬೇಕಾದಷ್ಟಿವೆ.

ಫೀಸಿನ ವಿಷಯ ನಾಜೂಕಿನದು. ಗೆದ್ದರೆ ಇಷ್ಟು ಪಾಲು ಅಂತ ಮಾತಾಡಿಕೊಳ್ಳುವುದನ್ನು ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ. ಕೆಲಸ ಕಳೆದುಕೊಂಡವನ ಹತ್ತಿರ ದುಡ್ಡೂ ಇರುವುದಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರದ 1987ರ ಕಾಯ್ದೆಯಲ್ಲಿ ಉಚಿತ ನೆರವು ಪಡೆಯುವವರ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕರೂ ಇದ್ದಾರೆ, ಹೆಣ್ಣುಮಕ್ಕಳೂ ಇದ್ದಾರೆ. ಅವರ ಆದಾಯ ಎಷ್ಟು ಅಂತ ನೋಡುವ ಹಾಗಿಲ್ಲ. ತಾನು ತಗೊಳ್ಳಲಾಗದ ಕೇಸನ್ನು ಜಿಲ್ಲಾ ಪ್ರಾಧಿಕಾರಕ್ಕೆ ಕಳಿಸುವುದು ಜೂನಿಯರ್‌ಗೆ ಗೊತ್ತಿರಬೇಕು.

ಇನ್ನು ಎರಡೂ ಕಡೆಯವರು ಒಂದೇ ಕಚೇರಿಗೆ ಬರುವ ಸಮಸ್ಯೆ. ಫೌಂಡ್ರಿ ಮಾಲೀಕರು ಸೀನಿಯರ್‌ನ ಇಪ್ಪತ್ತು ವರ್ಷದ ಕಕ್ಷಿದಾರ. ಅಲ್ಲಿಂದ ತೆಗೆದ ಹುಡುಗ ಜೂನಿಯರ್‌ನ ಊರಿನವನು, ದೂರದ ನೆಂಟ. ‘ಅಣ್ಣ, ಒಂದು ಮಾತು ಕೇಳ್ಬೇಕಿತ್ತು’ ಅಂತ ಸಂಜೆ ಮನೆಗೇ ಬರುತ್ತಾನೆ. ಅವನು ಬಾಯಿ ಬಿಡುವ ಮೊದಲೇ ‘ಈ ವಿಷಯ ನನ್ನ ಹತ್ತಿರ ಹೇಳಬೇಡ, ಬೇರೆ ವಕೀಲರ ಹೆಸರು ಕೊಡುತ್ತೇನೆ’ ಅನ್ನಬೇಕು. ಸಂಕೋಚಕ್ಕೆ ಕೇಳಿಸಿಕೊಂಡರೆ ಎರಡೂ ಕಡೆ ಕೆಟ್ಟಂತೆ.

ಸಂದರ್ಶನದಲ್ಲಿ ನಾನಾದರೆ ಕಲಂ ನಂಬರ್ ಕೇಳುವುದಿಲ್ಲ. ಒಂದು ಕಥೆ ಹೇಳುತ್ತೇನೆ. ಗಾರ್ಮೆಂಟ್ಸ್‌ನಲ್ಲಿ ಆರು ವರ್ಷ ಹೊಲಿದವಳು. ಬಸುರಿ ಅಂತ ಹೇಳಿದ ವಾರದಲ್ಲೇ ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡರು, ಈಗ ಅದು ರಾಜೀನಾಮೆ ಪತ್ರ ಅನ್ನುತ್ತಿದ್ದಾರೆ. ನೀವು ಅವಳಿಗೆ ಮೊದಲು ಏನು ಕೇಳುತ್ತೀರಿ? 26 ವಾರದ ಹೆರಿಗೆ ರಜೆಯ ಭಾಷಣ ಶುರು ಮಾಡುವವರು ಬಹಳ ಜನ. ಸಹಿ ಹಾಕಿದ್ದು ಯಾವತ್ತು, ಅದಾದ ಮೇಲೆ ಒಂದು ದಿನವಾದರೂ ಕೆಲಸಕ್ಕೆ ಹೋಗಿದ್ದೀರಾ, ಬಾಕಿ ಹಣ ಖಾತೆಗೆ ಬಂತಾ, ಸ್ಕ್ಯಾನಿಂಗ್ ಚೀಟಿ ಯಾವ ತಾರೀಖಿನದು, ಯಾರಿಗಾದರೂ ಅವತ್ತೇ ವಾಟ್ಸ್‌ಆ್ಯಪ್ ಮಾಡಿದ್ದಿರಾ ಅಂತ ಕೇಳುವವರನ್ನು ನಾನು ತಗೊಳ್ಳುತ್ತೇನೆ.

ಜೂನಿಯರ್‌ನ ಸ್ವಂತ ಲೆಕ್ಕ

ಊರಿನವರ ಸಂಬಳ, ರಜೆ, ಗ್ರಾಚ್ಯುಟಿಗೆ ಹೋರಾಡುವ ಈ ಜೂನಿಯರ್‌ಗೆ ತನ್ನದೇ ಆದ ಕಾರ್ಮಿಕ ಹಕ್ಕು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ವೃತ್ತಿ ಮಾಡುವ ವಕೀಲ ಯಾರ ಹತ್ತಿರವೂ ಪೂರ್ಣಾವಧಿ ಸಂಬಳದ ನೌಕರ ಆಗುವಂತಿಲ್ಲ, ಬಾರ್ ಕೌನ್ಸಿಲ್‌ನ 49ನೇ ನಿಯಮ ಹೀಗೆ ಹೇಳುತ್ತದೆ. ವಕೀಲರ ಕಚೇರಿ ಅಂಗಡಿ ಕಾಯ್ದೆಯ ವಾಣಿಜ್ಯ ಸಂಸ್ಥೆ ಅಲ್ಲ ಅಂತ ಕೇರಳದ ಒಂದು ಪ್ರಕರಣದಲ್ಲಿ 1984ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ಉದ್ಯಮ’ದ ಅರ್ಥವನ್ನು ಎಷ್ಟೋ ಅಗಲ ಮಾಡಿದ 1978ರ ಬೆಂಗಳೂರು ಜಲಮಂಡಳಿ ತೀರ್ಪು ಕೂಡ ಒಬ್ಬ ಗುಮಾಸ್ತನನ್ನಿಟ್ಟುಕೊಂಡ ಸಣ್ಣ ವಕೀಲರನ್ನು ಹೊರಗೇ ಇಟ್ಟಿತು. 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಿ ಅಂತ ಹೇಳಿತು. ಅದು ಶಿಫಾರಸು, ಕಡ್ಡಾಯವಲ್ಲ. ‘ಕಲಿಸಿಕೊಡ್ತೀನಲ್ಲ, ಮತ್ತೇನು ಬೇಕು’ ಅನ್ನುವ ಸೀನಿಯರ್‌ಗಳು ಇನ್ನೂ ಇದ್ದಾರೆ. ಲೇಬರ್ ಕೇಸಿಗೆ ಜೂನಿಯರ್ ಹುಡುಕುವ ಕಚೇರಿಯಾದರೂ ಹಾಗೆ ಅನ್ನಬಾರದು.

ಹಾಗಾಗಿ ಸೇರುವ ಮೊದಲು ಒಂದು ಪುಟದಲ್ಲಿ ಬರೆಸಿಕೊಳ್ಳಿ. ತಿಂಗಳಿಗೆ ಎಷ್ಟು, ಯಾವ ತಾರೀಖಿಗೆ. ಬೇರೆ ಊರಿನ ಕೋರ್ಟಿಗೆ ಹೋದ ದಿನದ ಬಸ್ ಚಾರ್ಜು ಯಾರದ್ದು. ವಕಾಲತ್ತಿನಲ್ಲಿ ನಿಮ್ಮ ಹೆಸರೂ ಇರುತ್ತದಾ. ಸ್ವಂತ ಕೇಸು ತಗೊಳ್ಳಬಹುದಾ, ತಗೊಂಡರೆ ಆ ಫೀಸು ಪೂರ್ತಿ ನಿಮ್ಮದಾ. ಬಿಟ್ಟು ಹೋಗುವಾಗ ಎಷ್ಟು ದಿನ ಮುಂಚೆ ಹೇಳಬೇಕು, ನೀವು ನಡೆಸುತ್ತಿದ್ದ ಫೈಲುಗಳನ್ನು ಯಾರಿಗೆ ಒಪ್ಪಿಸಬೇಕು ಅನ್ನುವುದೂ ಅದರಲ್ಲಿರಲಿ.